ತಳ ಹಿಡಿದ ಟ್ರೇ ತೊಳೆಯಬೇಡಿ

ಹೋದ ಭಾನುವಾರ ನಮ್ಮ ಮನೆಯವರು ನನಗೆ ಸಹಾಯ ಮಾಡಲು ಹೋಗಿ ಗ್ರೇವಿಯನ್ನು ಸಿಂಕಿಗೆ ಚೆಲ್ಲಿಬಿಟ್ಟರು. ಅದಿನ್ನೂ ಗ್ರೇವಿ ಆಗಿರಲಿಲ್ಲ, ಆಗಬೇಕಿತ್ತು. ಓವನ್ನಿನಿಂದ ಬೀಫ್ ತೆಗೆದು ಹಲಗೆಯ ಮೇಲಿಟ್ಟು, ಮಗಳ ತಲೆ ಬಾಚಲು ಮೇಲೆ ಹೋಗಿದ್ದೆ. ಐದೇ ನಿಮಿಷ. ಇಳಿದು ಬಂದರೆ ಬೀಫ್ ಬೆಂದ ಟ್ರೇ ಸಿಂಕಿನಲ್ಲಿ, ಅದರ ತುಂಬ ಸೋಪಿನ ನೊರೆ.

"ತಳ ಹಿಡಿದಿತ್ತು ಕಣೇ. ಆಮೇಲೆ ಉಜ್ಜೋಕೆ ಕಷ್ಟ ಆಗುತ್ತೆ ಅಂತ ನೆನೆಸಿಟ್ಟೆ" ಅಂದರು.

ಬೈಯಲು ಬಾಯಿ ಬರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ. ಹೇಳಿಸಿಕೊಳ್ಳದೆ ಒಂದು ಪಾತ್ರೆ ನೆನೆಸಿಟ್ಟಿದ್ದು ಅದೇ ಮೊದಲು. ಅದೂ ಇದೇ ಪಾತ್ರೆ ಆಗಬೇಕಾ?

ಅವರ ತಪ್ಪೂ ಇಲ್ಲ ಬಿಡಿ. ತಳ ಹಿಡಿಯುವುದು ಎಂದರೆ ನಮಗೆ ಅಡುಗೆ ಕೆಟ್ಟಿತು ಅಂತಲೇ ಅರ್ಥ. ಹಾಲು ತಳ ಹಿಡಿದರೆ ಬೈಗುಳ, ಉಪ್ಪಿಟ್ಟು ತಳ ಹಿಡಿದರೆ ಬೈಗುಳ. ಸಾರು ಸೀದ ವಾಸನೆ ಬಂದರೆ ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು. ಪಾತ್ರೆಯ ತಳ ಕೆರೆಯದೆ ಮೇಲಿನದನ್ನಷ್ಟೇ ಬಡಿಸಿ, ಉಳಿದದ್ದನ್ನು ಬೂದಿ ಹಾಕಿ ತಿಕ್ಕುವುದು ನಾನು ಎಂಟನೇ ವಯಸ್ಸಿಗೇ ಕಲಿತ ವಿದ್ಯೆ. ಈ ದೇಶಕ್ಕೆ ಬಂದ ಮೇಲೆ ಅದೇ ತಳಕ್ಕೆ ಕಾಯುತ್ತಾ ಕೂರುವವಳಾಗಿದ್ದೇನೆ.

ನಾವಿರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರ್‌ನಲ್ಲಿ, ಹಡರ್ಸ್‌ಫೀಲ್ಡ್ ಪಕ್ಕ. ನಾನು ನರ್ಸ್. 2019ರಲ್ಲಿ ಬಂದಾಗ ಮಗಳಿಗೆ ಮೂರು ವರ್ಷ, ಈಗ ಒಂಬತ್ತು. ನನ್ನ ತವರು ಚಾಮರಾಜನಗರದ ಕಡೆ.

ಗ್ರೇವಿ ಎಂಬ ಪದ ನನಗೆ ಹೊಸದೇನಲ್ಲ. ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದಾಗ ಸಂಜೆ ಗಾಡಿ ಮುಂದೆ ನಿಂತರೆ ಮೊದಲ ಪ್ರಶ್ನೆ ಅದೇ: "ಗೋಬಿ ಡ್ರೈ ಕೊಡ್ಲಾ, ಗ್ರೇವಿ ಕೊಡ್ಲಾ?" ಕೆಂಪಗೆ, ಅಂಟಂಟಾಗಿ, ಸೋಯಾ ಸಾಸ್ ಹಾಕಿದ್ದು. ಹೋಟೆಲಿನಲ್ಲಾದರೆ ಪನೀರ್ ಗ್ರೇವಿ, ಎಗ್ ಗ್ರೇವಿ. ನಮ್ಮಲ್ಲಿ ಗ್ರೇವಿ ಎಂದರೆ ಮಸಾಲೆ ಗಟ್ಟಿಯಾಗಿರುವ ಗೊಜ್ಜು, ತುಂಡುಗಳು ಅದರೊಳಗೇ ಮುಳುಗಿರುತ್ತವೆ. ಇಲ್ಲಿ ಗ್ರೇವಿ ಬೇರೆ, ಮಾಂಸ ಬೇರೆ. ಮಾಂಸವನ್ನು ಓವನ್ನಿನಲ್ಲಿ ಒಣಗೇ ಬೇಯಿಸುತ್ತಾರೆ. ಅದರಿಂದ ಇಳಿದ ಜಿಡ್ಡು, ರಸ, ಟ್ರೇಗೆ ಅಂಟಿದ ಕಂದು ಕರಕಲು, ಇಷ್ಟರಿಂದ ಒಂದು ತೆಳ್ಳನೆಯ ಸಾರು ಮಾಡಿ, ಮೂತಿ ಇರುವ ಚಿಕ್ಕ ಜಗ್ಗಿನಲ್ಲಿ ಮೇಜಿಗೆ ತರುತ್ತಾರೆ. ಮಾಂಸ, ಆಲೂಗಡ್ಡೆ, ಕೋಸು, ಯಾರ್ಕ್‌ಶೈರ್ ಪುಡಿಂಗ್ ಎಂಬ ಉಬ್ಬಿದ ಹಿಟ್ಟಿನ ಬಟ್ಟಲು, ಎಲ್ಲದರ ಮೇಲೂ ಹುಯ್ಯುವುದು. ಈ ಉತ್ತರದ ಕಡೆ ಜನ ಚಿಪ್ಸ್, ಅಂದರೆ ದಪ್ಪಗೆ ಸೀಳಿ ಕರಿದ ಆಲೂಗಡ್ಡೆಯ ಮೇಲೂ ಹುಯ್ದುಕೊಳ್ಳುತ್ತಾರೆ. ಮೊದಲ ಸಲ ನೋಡಿದಾಗ, ಗರಿಗರಿಯಾಗಿ ಕರಿದದ್ದನ್ನು ಮತ್ತೆ ಯಾಕೆ ನೆನೆಸುತ್ತಾರೋ ಅನ್ನಿಸಿತ್ತು. ಆಮೇಲೆ ನೆನಪಾಯಿತು, ನಾವು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುವುದಿಲ್ವಾ?

ಬೀಫ್ ಅಂದ ತಕ್ಷಣ ಕೆಲವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಲ್ಲಿಸಲಿ. ನಮ್ಮ ಕೇರಿಯಲ್ಲಿ ದನದ ಬಾಡು ತಿನ್ನುತ್ತಿದ್ದೆವು. ಶಾಲೆಯಲ್ಲಿ ಯಾರಾದರೂ "ನಿನ್ನೆ ಏನ್ ಸಾರು?" ಎಂದರೆ "ಕುರಿ" ಎನ್ನುತ್ತಿದ್ದೆ. ಬಾಡು ಜಾಸ್ತಿ ಬಂದ ದಿನ ಅವ್ವ ಅದನ್ನು ಉದ್ದುದ್ದ ಸೀಳಿ, ಉಪ್ಪು ಸವರಿ, ದಾರಕ್ಕೆ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದಳು. ಕೊರಬಾಡು. ಕಾಗೆ ಓಡಿಸುವ ಕೆಲಸ ನಂದು. ಈಗ ಊರಲ್ಲಿ ಅದೂ ಇಲ್ಲ. 2021ರಿಂದ ಕಾನೂನು ಬಿಗಿಯಾಗಿದೆ, ದನ, ಎಮ್ಮೆಗಳಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೇನೂ ಕಡಿಯುವಂತಿಲ್ಲ. ಇಲ್ಲಿ ಬಂದು ಮೊದಲ ಸಲ ಕಟುಕರ ಅಂಗಡಿಯಲ್ಲಿ ಗಾಜಿನ ಹಿಂದೆ ಒಂದೊಂದು ಭಾಗಕ್ಕೂ ಚೀಟಿ ಚುಚ್ಚಿ, ಅದರ ಹೆಸರು ಬರೆದು ಇಟ್ಟಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಬೀಫ್ ಬೇಕು ಅಂತ ಜೋರಾಗಿ ಕೇಳಲು ನನಗೆ ಮೂರು ವಾರ ಬೇಕಾಯಿತು.

ಗ್ರೇವಿ ಹುಚ್ಚು ಹತ್ತಿಸಿದವಳು ಮಗಳು. ಅವಳ ಶಾಲೆಯಲ್ಲಿ ಬುಧವಾರ ರೋಸ್ಟ್, ಅಂದರೆ ಓವನ್ನಿನಲ್ಲಿ ಬೇಯಿಸಿದ ಮಾಂಸದ ಊಟ. ಹಿಸುಕಿದ ಆಲೂಗಡ್ಡೆಗೆ ಗುಳಿ ಮಾಡಿ ಅದರೊಳಗೆ ಗ್ರೇವಿ ಹುಯ್ಯುತ್ತಾರಂತೆ. ಮುದ್ದೆಗೆ ಗುಳಿ ಮಾಡಿ ಸಾರು ಬಿಟ್ಟ ಹಾಗೆ. "ನೀನು ಮಾಡ್ತೀಯಾ ಅಮ್ಮಾ?" ಅಂದಳು. ಅದೇನು ಮಹಾ ಎಂದುಕೊಂಡೆ.

ಮೊದಲ ಸಲ ಮಾಂಸ ಒಣಗೀತೆಂದು ಹೆದರಿ, ಟ್ರೇ ಪೂರ್ತಿ ಫಾಯಿಲ್ ಮುಚ್ಚಿ ಓವನ್ನಿಗಿಟ್ಟೆ. ಬೆಂದಿತ್ತು, ಆದರೆ ಬೂದು ಬಣ್ಣ. ಟ್ರೇಯಲ್ಲಿ ನೀರು ನೀರು, ತಳ ಫಳಫಳ ಹೊಳೆಯುತ್ತಿತ್ತು. ಅದಕ್ಕೇ ಹಿಟ್ಟು ಹಾಕಿ ಕುದಿಸಿದೆ. ರುಚಿ ಇಲ್ಲ. ರುಚಿ ಬರಲಿ ಎಂದು ಶುಂಠಿ ಬೆಳ್ಳುಳ್ಳಿ ಹಾಕಿದೆ. ಮಗಳು ಒಂದು ಚಮಚ ಬಾಯಿಗಿಟ್ಟು, "ಇದು ಸಾರು" ಎಂದಳು. ಎರಡನೇ ಸಲ ಫಾಯಿಲ್ ತೆಗೆದೆ. ಚೆನ್ನಾಗಿ ಅಂಟಿತ್ತು. ಖುಷಿಯಲ್ಲಿ ಗಾಜಿನ ಟ್ರೇಯನ್ನೇ ಸೀದಾ ಒಲೆಯ ಮೇಲಿಟ್ಟು ಹೊತ್ತಿಸಿದೆ. ಟಪ್ ಅಂತ ಒಂದು ಸದ್ದು. ಈ ಮೂಲೆಯಿಂದ ಆ ಮೂಲೆಗೆ ಬಿರುಕು. ಜಿಡ್ಡೆಲ್ಲ ಒಲೆಯೊಳಗೆ. ಗಾಜಿನದು ಓವನ್ನಿಗೆ ಮಾತ್ರ. ಒಲೆಗೆ ಇಡಬೇಕಾದರೆ ಲೋಹದ ಟ್ರೇ ಇರಲಿ, ಅದೂ ನಾನ್‌ಸ್ಟಿಕ್ ಬೇಡ. ಏನೂ ಅಂಟದಿರಲಿ ಎಂದೇ ನಾನ್‌ಸ್ಟಿಕ್ ಮಾಡಿರುವುದು, ನಮಗೆ ಅಂಟಿದ್ದೇ ಬೇಕು.

ಅಂಟಬೇಕು ಯಾಕೆ ಅಂದರೆ, ನೀರು ಇರುವ ತನಕ ಮಾಂಸ 100 ಡಿಗ್ರಿ ದಾಟುವುದಿಲ್ಲ. ಕುದಿಯುವ ಸಾರಿನೊಳಗೆ ಬಾಡು ಎಷ್ಟು ಹೊತ್ತು ಬೆಂದರೂ ಕಂದು ಆಗುವುದಿಲ್ಲ, ನೋಡಿದ್ದೀರಲ್ಲ. ನೀರು ಆರಿ, ಮೇಲ್ಮೈ 140 ಡಿಗ್ರಿ ಹತ್ತಿರ ಹೋದಾಗ ಪ್ರೋಟೀನು, ಸಕ್ಕರೆ ಸೇರಿ ಬಣ್ಣ ತಿರುಗುತ್ತದೆ, ಘಮ ಏಳುತ್ತದೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ ಇದರ ಬಗ್ಗೆ 1912ರಲ್ಲಿ ಬರೆದ, ಅವನ ಹೆಸರಲ್ಲೇ ಕರೆಯುತ್ತಾರೆ. ರೊಟ್ಟಿಯ ಮೇಲಿನ ಚುಕ್ಕಿ, ಕಾಫಿ ಬೀಜ ಹುರಿದ ವಾಸನೆ, ಎಲ್ಲ ಅದೇ ಸಂಬಂಧ. ಫಾಯಿಲ್ ಮುಚ್ಚಿ ನಾನು ಮಾಡಿದ್ದು ರೋಸ್ಟ್ ಅಲ್ಲ, ಇಡ್ಲಿ.

ಮೂರನೇ ಸಲಕ್ಕೆ ಮೊದಲು ಒಂದು ರಾತ್ರಿ ಪಾಳಿಯಲ್ಲಿ ಇದೇ ಮಾತು ಬಂತು. ಮೂರು ಗಂಟೆ ಇರಬೇಕು, ವಾರ್ಡು ತಣ್ಣಗಿತ್ತು. ಜೊತೆಗಿದ್ದ ಹೆಂಗಸು ಇಲ್ಲೇ ಹುಟ್ಟಿ ಬೆಳೆದವರು, ನಿವೃತ್ತಿಗೆ ಹತ್ತಿರ. ನನ್ನ ಕಥೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. ಆಲೂಗಡ್ಡೆ ಬೇಯಿಸಿದ ನೀರು ಏನು ಮಾಡಿದೆ? ಚೆಲ್ಲಿದೆ ಎಂದೆ. ಕೋಸಿನದು? ಅದನ್ನೂ. ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಅವರ ತಾಯಿ ಆ ನೀರನ್ನೇ ಗ್ರೇವಿಗೆ ಹಾಕುತ್ತಿದ್ದರಂತೆ, ಸಿಂಕಿಗೆ ಹುಯ್ಯಲು ಬಿಡುತ್ತಲೇ ಇರಲಿಲ್ಲವಂತೆ.

ನನಗೆ ನಗು ಬಂತು. ಬಸ್ಸಾರು! ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಆ ಕಟ್ಟನ್ನು ಯಾರಾದರೂ ಚೆಲ್ಲಿದರೆ ನಮ್ಮ ಅವ್ವ ಅವತ್ತು ಮಾತಾಡುತ್ತಿರಲಿಲ್ಲ. ಇಲ್ಲಿ ಬಂದು ಆರು ವರ್ಷ ನಾನೇ ಅದನ್ನು ಚೆಲ್ಲುತ್ತಾ ಕೂತಿದ್ದೆ, ಇಂಗ್ಲಿಷ್ ಅಡುಗೆ ಅಲ್ವಾ, ಇವರಿಗೇನು ಗೊತ್ತು ಎಂದುಕೊಂಡು.

ಅಲ್ಲಿಂದ ನನ್ನ ಗ್ರೇವಿ ದಾರಿಗೆ ಬಂತು. ಈಗ ಮಾಡುವ ರೀತಿ ಹೇಳುತ್ತೇನೆ.

ಮೂರು ಜನಕ್ಕೆ 1.2 ಕಿಲೋ ಟಾಪ್‌ಸೈಡ್ ತರುತ್ತೇನೆ, ಮಾರನೇ ದಿನಕ್ಕೂ ಆಗುತ್ತದೆ. ತೊಡೆಯ ಒಳಭಾಗದ ಮಾಂಸ ಅದು, ಕೊಬ್ಬು ಕಮ್ಮಿ, ಅದಕ್ಕೇ ಮೇಲೆ ಒಂದು ಪದರ ಕೊಬ್ಬು ಕಟ್ಟಿ ಕೊಡುತ್ತಾರೆ. ಅದನ್ನು ಬಿಚ್ಚಬೇಡಿ, ಗ್ರೇವಿಗೆ ಬಂಡವಾಳ ಅದೇ. ಎರಡು ಈರುಳ್ಳಿಯನ್ನು ಬೆರಳು ದಪ್ಪ ಬಿಲ್ಲೆ ಮಾಡಿ, ಒಂದು ಕ್ಯಾರೆಟ್ ಸೀಳಿ ಟ್ರೇಯಲ್ಲಿ ಹಾಸಿಗೆಯ ಹಾಗೆ ಹರಡಿ, ಉಪ್ಪು, ಮೆಣಸಿನಪುಡಿ, ಅಂದರೆ ಕಾಳುಮೆಣಸಿನ ಪುಡಿ, ಸವರಿದ ಮಾಂಸವನ್ನು ಅದರ ಮೇಲೆ ಕೂರಿಸುವುದು. ಮೊದಲು 220 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ ಸುಮಾರು ಒಂದು ಗಂಟೆ. ನಮ್ಮ ಮನೆಯಲ್ಲಿ ಒಳಗೆ ಗುಲಾಬಿ ಬಣ್ಣ ಕಂಡರೆ ಯಾರೂ ಮುಟ್ಟುವುದಿಲ್ಲ, ಇನ್ನೊಂದು ಹದಿನೈದು ನಿಮಿಷ ಬಿಡುತ್ತೇನೆ. ಈ ಊರಿನವರು ಅಷ್ಟು ಬೇಯಿಸಿದರೆ ಅಯ್ಯೋ ಅನ್ನುತ್ತಾರೆ. ಅನ್ನಲಿ. ಹಾಗೇ ಇನ್ನೊಂದು, ಕೊಯ್ದಾಗ ಇಳಿಯುವ ಕೆಂಪು ನೀರು ರಕ್ತ ಅಲ್ಲ. ಮಯೋಗ್ಲೋಬಿನ್ ಎಂಬ ಪ್ರೋಟೀನು ಕರಗಿದ ನೀರು. ದಿನಾ ರಕ್ತ ನೋಡುವವಳು ಹೇಳುತ್ತಿದ್ದೇನೆ, ನಂಬಿ.

ನಡುವೆ ಒಂದು ಸಲ ಟ್ರೇ ಇಣುಕಿ ನೋಡಬೇಕು. ತಳ ಕಂದು ಬೇಕು, ಕಪ್ಪು ಬೇಡ. ಈರುಳ್ಳಿಯ ಅಂಚು ಕಪ್ಪಗಾಗುತ್ತಿದ್ದರೆ ಅರ್ಧ ಲೋಟ ನೀರು ಬಿಡಿ. ಪೂರ್ತಿ ಕಪ್ಪಾದರೆ ಕಹಿ. ಏನು ಮಾಡಿದರೂ ಆ ಕಹಿ ಹೋಗುವುದಿಲ್ಲ, ಅಂಥದ್ದಾದರೆ ನಮ್ಮ ಮನೆಯವರನ್ನು ಕರೆಯಿರಿ, ನೆನೆಸಿಡುತ್ತಾರೆ.

ಮಾಂಸ ತೆಗೆದು ಹಲಗೆಯ ಮೇಲಿಟ್ಟ ಮೇಲೆ ಅರ್ಧ ಗಂಟೆ ಅದನ್ನು ಕೊಯ್ಯುವಂತಿಲ್ಲ. ಗ್ರೇವಿಗೆ ಸಿಗುವ ಸಮಯ ಅದೇ. ಟ್ರೇ ಓರೆ ಮಾಡಿದರೆ ಜಿಡ್ಡು ಮೇಲೆ, ರಸ ಕೆಳಗೆ. ಜಿಡ್ಡನ್ನು ಚಮಚದಲ್ಲಿ ಎತ್ತಿ ಬಟ್ಟಲಿಗೆ ಹಾಕಿ, ಎರಡು ದೊಡ್ಡ ಚಮಚದಷ್ಟನ್ನು ಮಾತ್ರ ಟ್ರೇಯಲ್ಲೇ ಬಿಡಿ. ಟ್ರೇ ಒಲೆಯ ಮೇಲೆ, ಸಣ್ಣ ಉರಿ. ಎರಡು ದೊಡ್ಡ ಚಮಚ ಮೈದಾ ಉದುರಿಸಿ, ಈರುಳ್ಳಿ ಸಮೇತ ಮರದ ಸೌಟಿನಲ್ಲಿ ಕೈಯಾಡಿಸಿ. ಶುರುವಿನಲ್ಲಿ ಹಸಿ ಹಿಟ್ಟಿನ ವಾಸನೆ, ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನ ಹಾಗೆ. ಎರಡು ಮೂರು ನಿಮಿಷಕ್ಕೆ ಅದು ಹೋಗಿ ಹುರಿಹಿಟ್ಟಿನ ಘಮ ಬರುತ್ತದೆ. ಮೂಗಿಗೆ ಆ ವ್ಯತ್ಯಾಸ ಗೊತ್ತಾಗುವ ತನಕ ನೀರು ಹಾಕಬೇಡಿ.

ಆಮೇಲೆ ಬಸಿದ ನೀರು. ಬಿಸಿಯಾಗೇ ಇರಲಿ, ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಒಂದು ಬೀಫ್ ಸ್ಟಾಕ್ ಕ್ಯೂಬ್, ಅಂದರೆ ಅಂಗಡಿಯಲ್ಲಿ ಸಿಗುವ ಮಾಂಸದ ರುಚಿಯ ಬಿಲ್ಲೆ, ಕರಗಿಸಿಕೊಂಡಿರುತ್ತೇನೆ. ಒಂದೇ ಸಲ ಸುರಿಯಬೇಡಿ. ಮೊದಲ ಸೌಟು ಬಿದ್ದಾಗ ಸುಂಯ್ ಎಂದು ಹಬೆ ಏಳುತ್ತದೆ, ಹಿಟ್ಟು ಮುದ್ದೆಯಾಗಿ ಹೆದರಿಸುತ್ತದೆ. ಹೆದರಬೇಡಿ, ತಿರುವಿ. ಎರಡನೇ ಸೌಟಿಗೆ ಸಡಿಲ, ಮೂರನೆಯದಕ್ಕೆ ಹಾಲಿನ ಕೆನೆಯ ಹಾಗೆ. ಈಗ ಕೆರೆಯುವ ಕೆಲಸ. ಸೌಟಿನ ಚಪ್ಪಟೆ ತುದಿಯನ್ನು ಮೂಲೆಗೆ ಒತ್ತಿ ಎಳೆದರೆ ಅಂಟಿದ್ದು ಹಾಳೆ ಹಾಳೆಯಾಗಿ ಎದ್ದು, ಸುತ್ತ ಕಂದು ಬಣ್ಣ ಬಿಟ್ಟುಕೊಂಡು ಕರಗುತ್ತದೆ. ಬಿಳಿಚಿಕೊಂಡಿದ್ದ ಗ್ರೇವಿ ಕಣ್ಣೆದುರೇ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ನೋಡಲಿಕ್ಕೇ ನಾನು ಪ್ರತಿ ವಾರ ಮಾಡುವುದು ಅಂದರೂ ಸುಳ್ಳಲ್ಲ. ಹತ್ತು ನಿಮಿಷ ಕುದಿಸಿ, ಜರಡಿಯಲ್ಲಿ ಸೋಸಿ, ಈರುಳ್ಳಿಯನ್ನು ಸೌಟಿನಿಂದ ಒತ್ತಿ ಹಿಂಡಿಕೊಳ್ಳಿ. ಹಲಗೆಯ ಮೇಲೆ ಮಾಂಸ ಬಿಟ್ಟಿರುವ ರಸವನ್ನೂ ಇದಕ್ಕೇ ಸೇರಿಸಿ. ಉಪ್ಪು ಕೊನೆಗೆ, ರುಚಿ ನೋಡಿಯೇ, ಕ್ಯೂಬಿನಲ್ಲಿ ಬೇಕಾದಷ್ಟಿರುತ್ತದೆ. ನಾನು ನಾಲ್ಕು ಹನಿ ವಿನೆಗರ್ ಬಿಡುತ್ತೇನೆ. ಹುಣಸೆಹುಳಿಗೆ ಹುಟ್ಟಿದ ನಾಲಿಗೆ, ಸ್ವಲ್ಪವಾದರೂ ಹುಳಿ ಇಲ್ಲದೆ ಒಪ್ಪುವುದಿಲ್ಲ.

ಗಂಟಿನ ಬಗ್ಗೆ ಬೇರೆಯೇ ಹೇಳಬೇಕು, ಎಲ್ಲರೂ ಸೋಲುವುದು ಅಲ್ಲೇ. ಮೈದಾವನ್ನು ಸೀದಾ ಕುದಿಯುವ ನೀರಿಗೆ ಉದುರಿಸಿದರೆ, ಹೊರಗಿನ ಹಿಟ್ಟು ಕ್ಷಣದಲ್ಲಿ ಬೆಂದು ಅಂಟಿನ ಚಿಪ್ಪಾಗುತ್ತದೆ, ಒಳಗಿನದು ಒಣಗೇ ಉಳಿಯುತ್ತದೆ. ಅದೇ ಗಂಟು. ಪಿಷ್ಟ 60 ಡಿಗ್ರಿ ದಾಟಿದರೆ ನೀರು ಕುಡಿದು ಉಬ್ಬಲು ಶುರು ಮಾಡುತ್ತದೆ, ಅಷ್ಟರೊಳಗೆ ಕಣ ಕಣ ಬಿಡಿಬಿಡಿಯಾಗಿರಬೇಕು. ಮೊದಲೇ ಜಿಡ್ಡಿನಲ್ಲಿ ಹುರಿಯುವುದು ಅದಕ್ಕೇ, ಒಂದೊಂದು ಕಣಕ್ಕೂ ಎಣ್ಣೆ ಹತ್ತಿ ಒಂದಕ್ಕೊಂದು ಅಂಟುವುದಿಲ್ಲ. ಇನ್ನೊಂದು ದಾರಿ ನಮಗೆ ಗೊತ್ತಿರುವುದೇ. ಅಂಬಲಿಗೆ ರಾಗಿಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಡುವುದಿಲ್ವಾ? ಕಾರ್ನ್‌ಫ್ಲೋರ್ ಹಾಕುವವರು ಹಾಗೇ ಮಾಡಬೇಕು. ಮೈದಾದ ಅರ್ಧದಷ್ಟು ಸಾಕು, ಗ್ರೇವಿಗೆ ಹೊಳಪು ಬರುತ್ತದೆ. ನನಗೆ ಆ ಹೊಳಪು ಸೇರುವುದಿಲ್ಲ, ಗೋಬಿ ಗಾಡಿ ನೆನಪಾಗುತ್ತದೆ. ಇಷ್ಟಾದರೂ ಗಂಟು ಬಂದರೆ ಜರಡಿ ಇದ್ದೇ ಇದೆ. ಯಾರಿಗೂ ಹೇಳಬೇಡಿ.

ಇಲ್ಲಿನವರೆಲ್ಲ ಪ್ರತಿ ದಿನ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಡಬ್ಬಿ ಗ್ರೇವಿ ಎಲ್ಲರ ಮನೆಯಲ್ಲೂ ಇದೆ. ಬಿಸ್ಟೊ ಎಂಬ ಬ್ರ್ಯಾಂಡಿನ ಗ್ರೇವಿ ಪುಡಿ 1908ರಿಂದಲೇ ಇದೆ, ಅದನ್ನೂ ತಣ್ಣೀರಿನಲ್ಲಿ ಕಲಸಿಕೊಂಡೇ ಹಾಕಬೇಕು, ಅಂಬಲಿ ಲೆಕ್ಕವೇ. ಬಿಸಿನೀರು ಹುಯ್ದರೆ ಸಾಕು ಎನ್ನುವ ಹರಳು ಬಂದದ್ದು 1979ರಲ್ಲಿ. ನಮ್ಮ ಕಪಾಟಿನಲ್ಲೂ ಒಂದು ಡಬ್ಬಿ ಇದೆ, ಹೋದ ಭಾನುವಾರ ಮಾನ ಉಳಿಸಿದ್ದೂ ಅದೇ. ರೋಸ್ಟ್ ಮಾಡದ ದಿನ ಗ್ರೇವಿ ಬೇಕೆಂದರೆ ನಾನು ಇನ್ನೊಂದು ಮಾಡುತ್ತೇನೆ. ಕಟುಕರ ಹತ್ತಿರ ಕಾಲು ಕಿಲೋದಷ್ಟು ಚೂರುಪಾರು ಬೀಫ್ ತಂದು, ಕಬ್ಬಿಣದ ಬಾಣಲೆಯಲ್ಲಿ ಗಡಿಬಿಡಿ ಮಾಡದೆ ಅಂಟಿಸಿ ಅಂಟಿಸಿ ಹುರಿದು, ಈರುಳ್ಳಿ ಹಾಕಿ, ಹಿಟ್ಟು ಹಾಕಿ, ಮಿಕ್ಕಿದ್ದೆಲ್ಲ ಹಾಗೇ. ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ. ರೋಸ್ಟಿನದರ ಮುಂದೆ ಇದು ಸ್ವಲ್ಪ ಸಪ್ಪೆ, ಆದರೂ ಪರವಾಗಿಲ್ಲ.

ಯಾರ್ಕ್‌ಶೈರ್ ಪುಡಿಂಗ್ ಎಂದರೆ ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಪಡ್ಡಿನ ಕಾವಲಿಯಂಥ ಗುಳಿಗಳ ತಟ್ಟೆಯಲ್ಲಿ, ಹೊಗೆಯಾಡುವ ಜಿಡ್ಡಿಗೆ ಹುಯ್ದು ಓವನ್ನಿಗಿಟ್ಟರೆ ಬುಸ್ಸೆಂದು ಉಬ್ಬಿ ನಡುವೆ ಬಟ್ಟಲಾಗುತ್ತದೆ. ಗ್ರೇವಿ ನಿಲ್ಲಲು ಮಾಡಿಸಿದ ಹಾಗಿರುತ್ತದೆ. ಮೊದಲೆಲ್ಲ ಇದನ್ನು ಗ್ರೇವಿ ಜೊತೆ ಮಾಂಸಕ್ಕಿಂತ ಮುಂಚೆಯೇ ಬಡಿಸುತ್ತಿದ್ದರಂತೆ. ಹೊಟ್ಟೆ ಅರ್ಧ ತುಂಬಿದರೆ ಇರುವಷ್ಟು ಮಾಂಸ ಎಲ್ಲರಿಗೂ ಬರುತ್ತದಲ್ಲ. ಅವ್ವನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ವಿವರಿಸುವ ಕೆಲಸವೇ ಇರಲಿಲ್ಲ. ನಮ್ಮ ಮನೆಯಲ್ಲೂ ಮೊದಲು ಮುದ್ದೆ, ಸಾರು. ತುಂಡು ಎಣಿಸಿ, ಕೊನೆಗೆ.

ವಿಡಿಯೋದಲ್ಲಿ ಗ್ರೇವಿ ತೋರಿಸಿದೆ. ಅವ್ವ ಕನ್ನಡಕ ಸರಿ ಮಾಡಿಕೊಂಡು ನೋಡಿದಳು.

"ಖಾರ ಏನೂ ಹಾಕ್ನಿಲ್ವಾ?"

"ಇಲ್ಲ ಅವ್ವ."

"ಕಾಯಿ?"

"ಇಲ್ಲ."

"ಹುರಿಗಡಲೆ, ಗಸಗಸೆ, ಏನೂ ಇಲ್ವಾ? ಮತ್ತೆ ಗಟ್ಟಿ ಎಂಗಾಯ್ತದೆ?"

ಮೈದಾ ಎಂದೆ. ಜಿಡ್ಡು, ಹಿಟ್ಟು, ಬಸಿದ ನೀರು, ಟ್ರೇ ತಳದ ಗಸಿ. ಗಸಿ ಎಂಬ ಮಾತು ಬಾಯಿಗೆ ತಾನಾಗೇ ಬಂತು. ತುಪ್ಪ ಕಾಯಿಸಿದಾಗ ತಳದಲ್ಲಿ ಉಳಿಯುತ್ತದಲ್ಲ, ಕಂದು ಗಸಿ, ಅದಕ್ಕೆ ಅನ್ನ ಕಲಸಿ ತಿನ್ನಲು ನಾವು ಮಕ್ಕಳು ಜಗಳ ಆಡುತ್ತಿದ್ದೆವು. ನನ್ನ ಜೊತೆ ಕೆಲಸಕ್ಕಿದ್ದ ಮಂಗಳೂರಿನ ಹುಡುಗಿ ಕೋಳಿಯ ಗಟ್ಟಿ ಸಾರಿಗೇ ಗಸಿ ಅನ್ನುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಹಂಗಂದ್ರೆ ಚೆನ್ನಾಗೇ ಇರ್ತದೆ ಬುಡು" ಎಂದಳು. ಆಮೇಲೆ, "ಒಂದ್ ಒಣಮೆಣ್ಸಿನ್‌ಕಾಯಿ ಹಾಕ್ಬೋದಿತ್ತು."

ಹಾಕಿ ನೋಡಿದ್ದೇನೆ. ಚೆನ್ನಾಗಿರುತ್ತದೆ. ಮಗಳಿಗೆ ಗೊತ್ತಾಗದ ಹಾಗೆ ನಮ್ಮಿಬ್ಬರ ಪಾಲಿಗೆ ಮಾತ್ರ, ಜಿಡ್ಡಿನಲ್ಲಿ ಒಂದು ಬ್ಯಾಡಗಿ ಮುರಿದು ಹಾಕಿ, ಮೇಲಿಂದ ಒಗ್ಗರಣೆ.

ಎತ್ತಿಟ್ಟ ಜಿಡ್ಡನ್ನು ಎಸೆಯಬೇಡಿ. ಬಟ್ಟಲು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬಿಳಿ ಗಟ್ಟಿ ಜಿಡ್ಡು, ಅಡಿಯಲ್ಲಿ ಕಂದು ಜೆಲ್ಲಿ. ಇದಕ್ಕೆ ಇಲ್ಲಿ ಡ್ರಿಪ್ಪಿಂಗ್ ಎನ್ನುತ್ತಾರೆ. ಎರಡನ್ನೂ ಕೆದಕಿ, ಬ್ರೆಡ್ಡಿಗೆ ಸವರಿ, ಉಪ್ಪು ಉದುರಿಸಿ ತಿನ್ನುವುದು ಈ ಸೀಮೆಯ ಹಳಬರಿಗೆ ಪ್ರಾಣ. ಗ್ರೇವಿ ಉಳಿದರೆ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು, ಆರಿದ ಮೇಲೆ ಹಲ್ವದ ಹಾಗಾಗುತ್ತದೆ, ನೀರು ಚಿಮುಕಿಸಿ ಕುದಿಸಿಕೊಳ್ಳಿ.

ಈ ಭಾನುವಾರ ಟ್ರೇಗೆ ಕಾವಲು ಕೂತು ಮಾಡಿದೆ. ತಲೆ ಬಾಚುವ ಕೆಲಸ ನಮ್ಮ ಮನೆಯವರಿಗೆ ವಹಿಸಿದ್ದೆ, ಎರಡು ಜಡೆ ಎರಡು ಎತ್ತರದಲ್ಲಿದ್ದವು. ಮಗಳು ಆಲೂಗಡ್ಡೆಗೆ ಗುಳಿ ಮಾಡಿ, ಗ್ರೇವಿ ತುಂಬಿ, ದಂಡೆ ಒಡೆಯದ ಹಾಗೆ ಒಂದು ಬದಿಯಿಂದ ತಿನ್ನುತ್ತಾ ಹೋದಳು. ಹೇಗಿದೆ ಎಂದು ನಾನಾಗಿ ಕೇಳಬಾರದು ಎಂದುಕೊಂಡಿದ್ದೆ. ಕೇಳಿಬಿಟ್ಟೆ.

"ಹತ್ತಿರ ಬಂದಿದೆ ಅಮ್ಮಾ" ಅಂದಳು. "ಶಾಲೇದು ಇನ್ನೂ ಸ್ವಲ್ಪ ಕಪ್ಪು."